ಗಾಡಿ ಹೊಡೆದವನ ಹೆಸರೇನು? ನೆರವಿನ ಕೆಲಸದ ನೆನಪು ಬರೆಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯ ಹದಡಿ ರಸ್ತೆಯ ಪಕ್ಕದಲ್ಲಿರುವ ನಮ್ಮ ಮನೆಯ ಮಾಳಿಗೆಯ ಮೇಲೆ ತಿಂಗಳಿಗೊಂದು ಭಾನುವಾರ ಹತ್ತು ಹನ್ನೆರಡು ಜನ ಸೇರುತ್ತೇವೆ. ನಿವೃತ್ತ ನರ್ಸ್‌ಗಳು, ಆಂಬುಲೆನ್ಸ್ ಚಾಲಕರು, ಗಂಜಿ ಕೇಂದ್ರ ನಡೆಸಿದ ಮೇಷ್ಟ್ರುಗಳು, ಕಂದಾಯ ಇಲಾಖೆಯ ಗುಮಾಸ್ತರು, ಚಿತ್ರದುರ್ಗದಿಂದ ಬಸ್ಸಿನಲ್ಲಿ ಬರುವ ಇಬ್ಬರು ವೈದ್ಯರು. ಬರ, ನೆರೆ, ಭೂಕಂಪ, ಸಾಂಕ್ರಾಮಿಕ ಎಂದು ಒಂದಲ್ಲ ಒಂದು ಕಾಲದಲ್ಲಿ ಓಡಾಡಿದವರು, ಈಗ ಅದನ್ನು ಬರೆಯಲು ಕುಳಿತವರು. ನಾನು ಮೂವತ್ತು ವರ್ಷ ಮಾತ್ರೆ ಎಣಿಸಿದ ಫಾರ್ಮಾಸಿಸ್ಟ್. ಇತರರ ಹಸ್ತಪ್ರತಿ ಓದಿ ಅಂಚಿನಲ್ಲಿ ಗೀಚುವ ಕೆಲಸ ಹೇಗೋ ನನ್ನ ಪಾಲಿಗೆ ಬಂದಿದೆ. ಹೊಸದಾಗಿ ಬಂದವರೆಲ್ಲ ಅವೇ ಪ್ರಶ್ನೆಗಳನ್ನು ಕೇಳುತ್ತಾರೆ. ಹೇಳಿ ಹೇಳಿ ಬಾಯಿ ಒಣಗಿದ್ದರಿಂದ ಬರೆದಿಟ್ಟಿದ್ದೇನೆ.

ನಾನು ಲೇಖಕನಲ್ಲ. ನೆರೆ ಬಂದಾಗ ಹದಿನೈದು ದಿನ ಒಂದು ಶಿಬಿರದಲ್ಲಿದ್ದೆ, ಅಷ್ಟೇ. ನಾನು ಬರೆಯಬಹುದೇ?

ಹದಿನೈದು ದಿನ ಬೇಕಾದಷ್ಟಾಯಿತು. ಈ ಬಗೆಯ ಬರಹಕ್ಕೆ ಮೂಲಪುರುಷ ಎನ್ನಬಹುದಾದ, ರೆಡ್ ಕ್ರಾಸ್ ಹುಟ್ಟಲು ಕಾರಣನಾದ ಹೆನ್ರಿ ಡ್ಯೂನಾಂಟ್ ಯುದ್ಧದ ಗಾಯಾಳುಗಳ ನಡುವೆ ಇದ್ದದ್ದು ಕೆಲವೇ ದಿನ. ಅವನು ವೈದ್ಯನಲ್ಲ, ಸೈನಿಕನಲ್ಲ, ಸಾಹಿತಿಯೂ ಅಲ್ಲ. ಜಿನೀವಾದ ಮೂವತ್ತೊಂದು ವರ್ಷದ ವ್ಯಾಪಾರಿ. ಬಿಳಿ ಬಟ್ಟೆ ತೊಟ್ಟು ಆ ರಕ್ತದ ನಡುವೆ ಓಡಾಡುತ್ತಿದ್ದುದರಿಂದ ಗಾಯಾಳುಗಳು ಅವನನ್ನು ಬಿಳಿ ಬಟ್ಟೆಯವನು ಎಂದೇ ಗುರುತಿಸುತ್ತಿದ್ದರಂತೆ. ನಿಮ್ಮನ್ನು ಶಿಬಿರದ ಜನ ಏನೆಂದು ಕರೆಯುತ್ತಿದ್ದರು? ಅಲ್ಲಿಂದ ಶುರು ಮಾಡಿ. ನಿಮ್ಮ ಹುದ್ದೆಗಿಂತ ಅದು ಹೆಚ್ಚು ಹೇಳುತ್ತದೆ.

ಮಾಡಿದ್ದನ್ನು ಹೇಳಿಕೊಳ್ಳುವುದು ನಮ್ಮ ಸಂಸ್ಕಾರವಲ್ಲ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎನ್ನುತ್ತಾರಲ್ಲ?

ಈ ಪ್ರಶ್ನೆ ಕೇಳುವವರು ಸಾಮಾನ್ಯವಾಗಿ ಚೆನ್ನಾಗಿ ಬರೆಯುತ್ತಾರೆ. ಕೇಳದವರ ಹಸ್ತಪ್ರತಿ ನೋಡಿದರೆ ನನಗೆ ಭಯ.

‘ಮಾಡಿದೆ’ ಎಂಬುದು ಮನಸ್ಸಿನಲ್ಲಿ ಹೊಳೆದರೆ ಶಿವನ ಡಂಗುರ ಕಾಡುತ್ತದೆ ಎಂದು ಬಸವಣ್ಣನವರು ಎಚ್ಚರಿಸಿದ್ದಾರೆ. ಅವರು ಮಾತಾಡಬೇಡಿ ಎನ್ನಲಿಲ್ಲ ಎಂಬುದನ್ನು ಗಮನಿಸಿ. ಅವರೇ ಬೇಕಾದಷ್ಟು ಮಾತಾಡಿದ್ದಾರೆ, ಅದೂ ತಮ್ಮ ಬಗ್ಗೆಯೇ, ತಮ್ಮ ಡಂಭದ ಬಗ್ಗೆಯೂ ಸೇರಿ. ತೊಂದರೆ ಇರುವುದು ‘ನಾನು’ ಎಂಬ ಪದದಲ್ಲಿ ಅಲ್ಲ. ಆ ‘ನಾನು’ ಪ್ರತಿ ವಾಕ್ಯದಲ್ಲೂ ಕೊಡುವವನಾಗಿಯೇ ಇದ್ದರೆ ತೊಂದರೆ. ಒಂದು ಸಣ್ಣ ಪರೀಕ್ಷೆ ಹೇಳುತ್ತೇನೆ. ನೀವು ಬರೆದ ಒಂದು ಪುಟ ತೆಗೆದುಕೊಂಡು ಕೊಟ್ಟೆ, ಹಂಚಿದೆ, ಕಾಪಾಡಿದೆ, ಸಂತೈಸಿದೆ ಎಂಬ ಕ್ರಿಯಾಪದಗಳ ಕೆಳಗೆ ಗೆರೆ ಎಳೆಯಿರಿ. ಆಮೇಲೆ ಕೇಳಿದೆ, ತಿಂದೆ, ಹೆದರಿದೆ, ಪಡೆದೆ, ತಪ್ಪಿದೆ ಎಂಬುವುಗಳ ಕೆಳಗೆ ಎಳೆಯಿರಿ. ಎರಡನೆಯ ಬಗೆಯ ಗೆರೆ ಒಂದೂ ಇಲ್ಲದಿದ್ದರೆ ಅದು ನೆನಪಲ್ಲ, ಸನ್ಮಾನಪತ್ರ.

ಡ್ಯೂನಾಂಟ್ ಹೆಸರನ್ನು ಮಾತುಮಾತಿಗೂ ಎತ್ತುತ್ತೀರಿ. ಅವನ ಪುಸ್ತಕದಲ್ಲಿ ಅಂಥದ್ದೇನಿದೆ?

1859ರ ಜೂನ್ 24ರಂದು ಉತ್ತರ ಇಟಲಿಯ ಸಾಲ್ಫೆರಿನೊ ಎಂಬಲ್ಲಿ ಫ್ರಾನ್ಸ್ ಮತ್ತು ಸಾರ್ಡಿನಿಯಾದ ಸೇನೆಗಳಿಗೂ ಆಸ್ಟ್ರಿಯಾದ ಸೇನೆಗೂ ಯುದ್ಧವಾಯಿತು. ಒಂದೇ ದಿನದಲ್ಲಿ ಸತ್ತವರು, ಗಾಯಗೊಂಡವರು ಸೇರಿ ಸುಮಾರು 40,000. ಪಕ್ಕದ ಕಾಸ್ಟಿಲ್ಯೋನೆ ಊರಿನ ಇಗರ್ಜಿಗಳೂ ಬೀದಿಗಳೂ ಗಾಯಾಳುಗಳಿಂದ ತುಂಬಿಹೋದವು. ಊರಿನ ಹೆಂಗಸರು ಯಾವ ಸೇನೆಯವನು ಎಂದು ನೋಡದೆ ಎಲ್ಲರಿಗೂ ನೀರು ಕುಡಿಸಿದರು, ಗಾಯ ತೊಳೆದರು. ಎಲ್ಲರೂ ಅಣ್ಣತಮ್ಮಂದಿರೇ ಎಂಬ ಅವರ ಮಾತು ಆ ಪುಸ್ತಕದಿಂದಲೇ ಜಗತ್ತಿಗೆ ತಿಳಿದದ್ದು. ಮೂರು ವರ್ಷ ಬಿಟ್ಟು, 1862ರಲ್ಲಿ, ಡ್ಯೂನಾಂಟ್ ತನ್ನದೇ ಖರ್ಚಿನಲ್ಲಿ 1,600 ಪ್ರತಿ ಅಚ್ಚು ಹಾಕಿಸಿ ಯೂರೋಪಿನ ದೊರೆಗಳಿಗೂ ಮಂತ್ರಿಗಳಿಗೂ ಹಂಚಿದ. ‘ಸಾಲ್ಫೆರಿನೊದ ಒಂದು ನೆನಪು’ ಎಂಬ ಅದರ ಶೀರ್ಷಿಕೆಯಲ್ಲೇ ‘ನೆನಪು’ ಎಂಬ ಪದವಿದೆ. ಕೊನೆಯಲ್ಲಿ ಅವನು ಹಾಕಿದ ಪ್ರಶ್ನೆ, ಶಾಂತಿಕಾಲದಲ್ಲೇ ಸ್ವಯಂಸೇವಕರ ಸಂಘಗಳನ್ನು ಕಟ್ಟಿಡಬಾರದೇಕೆ ಎಂಬುದು. ಮರುವರ್ಷ ಜಿನೀವಾದಲ್ಲಿ ಐದು ಜನರ ಸಮಿತಿ ಕೂಡಿತು. ಅದೇ ರೆಡ್ ಕ್ರಾಸ್ ಆಯಿತು. 1864ರ ಆಗಸ್ಟ್ 22ರಂದು ಮೊದಲ ಜಿನೀವಾ ಒಪ್ಪಂದಕ್ಕೆ ಸಹಿ ಬಿತ್ತು. ಒಬ್ಬನ ನೆನಪು ಎರಡೇ ವರ್ಷದಲ್ಲಿ ಕಾನೂನಾದ ಇಂಥ ಉದಾಹರಣೆ ಇನ್ನೊಂದು ನನಗೆ ಹೊಳೆಯುವುದಿಲ್ಲ.

ಇಷ್ಟನ್ನು ಶಾಲೆಯಲ್ಲಿ ಮೇ 8ರ ರೆಡ್ ಕ್ರಾಸ್ ದಿನದ ಭಾಷಣದಲ್ಲೂ ಹೇಳುತ್ತಾರೆ. ನನಗೆ ಮುಖ್ಯವೆನಿಸಿದ್ದು ಬೇರೆ ಎರಡು ಸಂಗತಿ.

ಒಂದು, ಅವನು ಬಿಟ್ಟದ್ದು. ಪುಸ್ತಕದಲ್ಲಿ ತನ್ನನ್ನು ಬರಿಯ ಪ್ರವಾಸಿ ಎಂದು ಕರೆದುಕೊಂಡಿದ್ದಾನೆ. ನಿಜದಲ್ಲಿ ಅವನು ಹೋಗಿದ್ದು ಮೂರನೆಯ ನೆಪೋಲಿಯನ್ ಚಕ್ರವರ್ತಿಯನ್ನು ಹಿಡಿಯಲು. ಅಲ್ಜೀರಿಯಾದಲ್ಲಿ ಅವನ ಗಿರಣಿಯ ವ್ಯವಹಾರ ಸಿಕ್ಕಿಹಾಕಿಕೊಂಡಿತ್ತು, ಜಮೀನು ಮತ್ತು ನೀರಿನ ಪರವಾನಗಿ ಬೇಕಿತ್ತು. ಅರ್ಜಿ ಹಿಡಿದು ಹೊರಟವನು ಗಾಯ ಕಟ್ಟಲು ಕುಳಿತ. ಇದನ್ನು ಬರೆದಿದ್ದರೆ ಅವನ ಮಾನ ಕಡಿಮೆಯಾಗುತ್ತಿತ್ತೇ? ನನ್ನ ಲೆಕ್ಕದಲ್ಲಿ ಹೆಚ್ಚುತ್ತಿತ್ತು. ಪುಣ್ಯಕ್ಕೆಂದೇ ಹೊರಟವನಿಗಿಂತ ಅರ್ಜಿ ಜೇಬಿನಲ್ಲೇ ಉಳಿಸಿಕೊಂಡು ಸ್ಪಂಜು ಕೈಗೆತ್ತಿಕೊಂಡವನು ನಮಗೆ ಹತ್ತಿರದವನು. ವ್ಯಾಪಾರವಂತೂ ಅವನನ್ನು ಬಿಡಲಿಲ್ಲ. 1867ರಲ್ಲಿ ದಿವಾಳಿಯೆದ್ದು ತಾನೇ ಕಟ್ಟಿದ ಸಮಿತಿಯಿಂದ ಹೊರಬಿದ್ದ. 1901ರಲ್ಲಿ ಮೊತ್ತಮೊದಲ ನೊಬೆಲ್ ಶಾಂತಿ ಪ್ರಶಸ್ತಿಯಲ್ಲಿ ಪಾಲು ಬಂದಾಗ ಹೈಡನ್ ಎಂಬ ಸಣ್ಣ ಊರಿನ ಆಸ್ಪತ್ರೆಯ ಕೋಣೆಯಲ್ಲಿದ್ದ.

ಎರಡನೆಯದು ಗಾಡಿ ಹೊಡೆದವನು. ಔಷಧಿ, ಬಟ್ಟೆ ಏನೂ ಇಲ್ಲದಾಗ ಡ್ಯೂನಾಂಟ್ ತನ್ನ ಗಾಡಿಯವನನ್ನು ಬ್ರೆಷಿಯಾ ನಗರಕ್ಕೆ ಅಟ್ಟುತ್ತಾನೆ. ಕೆಲವು ಗಂಟೆಗಳಲ್ಲಿ ಅವನು ಕಿತ್ತಳೆ, ನಿಂಬೆ, ಸಕ್ಕರೆ, ಅಂಗಿ, ಸ್ಪಂಜು, ಕಷಾಯದ ಹೂವು, ತಂಬಾಕು ತುಂಬಿಕೊಂಡು ಮರಳುತ್ತಾನೆ. ಸಾಮಾನಿನ ಪಟ್ಟಿ ಪುಸ್ತಕದಲ್ಲಿ ಸೊಗಸಾಗಿದೆ. ಫಾರ್ಮಾಸಿಸ್ಟನಾದ ನನಗೆ ಓದಿ ಬಾಯಲ್ಲಿ ನೀರೂರಿತು. ಆದರೆ ಗಾಡಿಯವನಿಗೆ ಅಲ್ಲಿ ಹೆಸರಿಲ್ಲ. ಗಾಯಾಳುಗಳಿಂದ ತುಂಬಿದ ದಾರಿಯಲ್ಲಿ ಹೇಗೆ ಹೋದ, ಅಂಗಡಿಯವನೊಡನೆ ಏನು ಮಾತಾಡಿದ, ಕುದುರೆಗೆ ನೀರು ಎಲ್ಲಿ ಸಿಕ್ಕಿತು, ಒಂದೂ ಇಲ್ಲ. ನೂರಾ ಅರವತ್ತು ವರ್ಷಗಳಿಂದ ನಾವೆಲ್ಲ ಇದೇ ತಪ್ಪನ್ನು ನಕಲು ಮಾಡುತ್ತಿದ್ದೇವೆ. ನನ್ನ ಬಳಿ ಬರುವ ಹಸ್ತಪ್ರತಿಗಳ ಅಂಚಿನಲ್ಲಿ ನಾನು ಅತಿ ಹೆಚ್ಚು ಸಲ ಬರೆದಿರುವ ಮಾತು ಒಂದೇ: ‘ಗಾಡಿ ಹೊಡೆದವನ ಹೆಸರೇನು?’

ನನಗೆ ಎಲ್ಲವೂ ನಿನ್ನೆ ನಡೆದಂತೆ ನೆನಪಿದೆ. ಹಾಗೆಯೇ ಬರೆದರೆ ಸಾಲದೇ?

ಸಾಲದು. ನಿನ್ನೆ ನಡೆದಂತೆ ಇರುವ ನೆನಪನ್ನೇ ಮೊದಲು ಅನುಮಾನಿಸಬೇಕು. ನನ್ನ ಕಥೆಯನ್ನೇ ಹೇಳಿಬಿಡುತ್ತೇನೆ.

2001ರ ಜನವರಿ 26ರ ಬೆಳಿಗ್ಗೆ ಗುಜರಾತಿನ ಕಛ್‌ನಲ್ಲಿ ಭೂಮಿ ನಡುಗಿತು. ಸತ್ತವರು ಇಪ್ಪತ್ತು ಸಾವಿರದ ಹತ್ತಿರ. ಇಲ್ಲಿಂದ ನಾವೊಂದು ತಂಡ ಹೊರಟೆವು: ಇಬ್ಬರು ವೈದ್ಯರು, ಒಬ್ಬ ನರ್ಸ್, ನಾನು, ಲಾರಿಯ ಚಾಲಕ ಮತ್ತು ಹರಿಹರದ ಹತ್ತೊಂಬತ್ತರ ಕ್ಲೀನರ್ ಹುಡುಗ. ಲಾರಿಯಲ್ಲಿ ಔಷಧಿ, ಕಂಬಳಿ ಮತ್ತು ನಲವತ್ತು ಮೂಟೆ ಮಂಡಕ್ಕಿ. (ಈ ನಲವತ್ತರ ಲೆಕ್ಕವನ್ನು ಕೊನೆಯಲ್ಲಿ ಹೇಳುತ್ತೇನೆ.) ದಾವಣಗೆರೆಯವರು ಇನ್ನೇನು ಕಳುಹಿಸುತ್ತಾರೆ? ಬೇಯಿಸಬೇಕಿಲ್ಲ, ಕೆಡುವುದಿಲ್ಲ, ಭಾರವಿಲ್ಲ. ಭಚಾವ್ ಹತ್ತಿರದ ಒಂದು ಹಳ್ಳಿಯಲ್ಲಿ ಮೂಟೆ ಬಿಚ್ಚಿದಾಗ ಅಲ್ಲಿನ ಹೆಂಗಸರು ‘ಮಮರಾ, ಮಮರಾ’ ಎಂದು ನಕ್ಕರು. ಅವರಿಗೂ ಗೊತ್ತಿದ್ದ ತಿನಿಸು. ಆ ಊರಿನಲ್ಲಿ ನಾವು ಕೇಳಿದ ಮೊದಲ ನಗು ಅದು.

ಅಲ್ಲಿ ಒಂದು ರಾತ್ರಿ ಗುಡಾರದಲ್ಲಿ ಹೆರಿಗೆಯಾಯಿತು. ನೆಲ ಮತ್ತೆ ಸಣ್ಣಗೆ ನಡುಗುತ್ತಿತ್ತು. ವೈದ್ಯರಿಗೆ ಬ್ಯಾಟರಿ ಹಿಡಿದುಕೊಂಡು ನಿಂತವನು ನಾನು. ಬೆಳಕು ಅಲುಗದಂತೆ ಎಡಗೈಯಿಂದ ಬಲಗೈ ಮಣಿಕಟ್ಟನ್ನು ಹಿಡಿದಿದ್ದೆ. ಮಗು ಅತ್ತಾಗ ಬ್ಯಾಟರಿ ಮಂಕಾಗುತ್ತಿತ್ತು. ಇದನ್ನು ಹದಿನೈದು ವರ್ಷ ಹೇಳಿದೆ, ಎರಡು ಸನ್ಮಾನಗಳಲ್ಲೂ ಹೇಳಿದೆ. ಬರೆಯಲು ಕುಳಿತಾಗ ತಾರೀಖು ಬೇಕಾಗಿ ಅಟ್ಟದ ಮೇಲಿನ ಟ್ರಂಕಿನಿಂದ ಅಲ್ಲಿನ ಔಷಧಿ ದಾಸ್ತಾನು ಪುಸ್ತಕ ತೆಗೆದೆ. ಆ ರಾತ್ರಿಯ ಸಾಲುಗಳು ನನ್ನ ಕೈಬರಹದಲ್ಲಿ ಇರಲಿಲ್ಲ. ದಪ್ಪ ದಪ್ಪ ಅಕ್ಷರದಲ್ಲಿ ಕ್ಲೀನರ್ ಹುಡುಗ ಬರೆದಿದ್ದ: ಗ್ಲೂಕೋಸ್ 2, ಹತ್ತಿ 1 ಕಟ್ಟು, ಬ್ಯಾಟರಿ ಸೆಲ್ 4. ಕೆಳಗೆ ಮರುದಿನ ನಾನು ಬರೆದ ಒಂದು ಸಾಲು: ‘ನಿನ್ನೆಯಿಂದ ಜ್ವರ. ಮಲಗಿದ್ದೆ.’

ಬ್ಯಾಟರಿ ಹಿಡಿದವನು ಅವನು. ನನಗೆ ಆ ಕಥೆ ಬಂದದ್ದು ವೈದ್ಯರು ವಾಪಸು ಬರುವ ದಾರಿಯಲ್ಲಿ ಹೇಳಿದಾಗ. ಊರಿನ ಸಮಾರಂಭವೊಂದರಲ್ಲಿ ಯಾರೋ ನನ್ನನ್ನು ಬ್ಯಾಟರಿ ಹಿಡಿದವರು ಎಂದು ಪರಿಚಯಿಸಿದರು, ನಾನು ಅಲ್ಲ ಎನ್ನಲಿಲ್ಲ. ಅಲ್ಲಿಯವರೆಗೆ ಅದು ಸಣ್ಣ ಸುಳ್ಳು, ಅಲ್ಲಿಂದಾಚೆಗೆ ನೆನಪು. ಈಗಲೂ ಕಣ್ಣು ಮುಚ್ಚಿದರೆ ಆ ಬ್ಯಾಟರಿಯ ತೂಕ ಕೈಗೆ ತಿಳಿಯುತ್ತದೆ. ಇಲ್ಲದ ತೂಕ.

ಇದು ನನ್ನೊಬ್ಬನ ರೋಗವಲ್ಲ. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಸ್ಫೋಟಿಸಿದಾಗ ಮನೋವಿಜ್ಞಾನಿ ಉಲ್ರಿಕ್ ನೈಸರ್ ಮರುದಿನವೇ ವಿದ್ಯಾರ್ಥಿಗಳಿಂದ ಸುದ್ದಿ ಕೇಳಿದ್ದು ಎಲ್ಲಿ, ಯಾರಿಂದ ಎಂದು ಬರೆಸಿಕೊಂಡರು. ಸುಮಾರು ಎರಡೂವರೆ ವರ್ಷದ ನಂತರ ಅವರನ್ನೇ ಮತ್ತೆ ಕೇಳಿದರು. ನಾಲ್ಕರಲ್ಲಿ ಒಂದು ಪಾಲು ಜನರಿಗೆ ಒಂದು ವಿವರವೂ ಸರಿಯಾಗಿರಲಿಲ್ಲ, ಆದರೆ ಭರವಸೆಗೆ ಕೊರತೆ ಇರಲಿಲ್ಲ. ಅವರದೇ ಕೈಬರಹ ತೋರಿಸಿದರೂ ಹಳೆಯ ನೆನಪು ಮರಳಲಿಲ್ಲ. ನನಗೂ ಮರಳಿಲ್ಲ. ಜ್ವರದಲ್ಲಿ ಮಲಗಿದ್ದ ಆ ರಾತ್ರಿ ನನ್ನ ತಲೆಯಲ್ಲಿ ಎಲ್ಲೂ ಇಲ್ಲ.

ಹಾಗಾದರೆ ತಪ್ಪು ನೆನಪನ್ನು ಹರಿದು ಬಿಸಾಡಬೇಕೇ? ಬೇಡ. ನಾನು ಎರಡನ್ನೂ ಬರೆದೆ: ಮೊದಲು ನೆನಪು, ಆಮೇಲೆ ದಾಸ್ತಾನು ಪುಸ್ತಕ. ನೆನಪು ಯಾವ ದಿಕ್ಕಿಗೆ ತಪ್ಪುತ್ತದೆ ಎಂಬುದು ನೋಡಬೇಕಾದ ಸಂಗತಿ. ನಮ್ಮ ಬಳಗದಲ್ಲಿ ಹೀಗೆ ಪತ್ತೆಯಾದ ಏಳೆಂಟು ತಪ್ಪುಗಳಲ್ಲಿ ಒಂದೂ ಬರೆದವರ ಮಾನ ಕಳೆಯುವ ಕಡೆಗೆ ತಪ್ಪಿರಲಿಲ್ಲ.

ಡೈರಿ ಬರೆದಿಟ್ಟಿಲ್ಲ. ಏನು ಮಾಡಲಿ?

ಡೈರಿಗಿಂತ ಲೆಕ್ಕದ ಕಾಗದ ನಂಬಿಕಸ್ಥ, ಏಕೆಂದರೆ ಅದನ್ನು ಯಾರೂ ಚೆನ್ನಾಗಿ ಕಾಣಿಸಿಕೊಳ್ಳಲು ಬರೆಯುವುದಿಲ್ಲ. ಲಾರಿ ಬಾಡಿಗೆಯ ರಸೀದಿ, ಡೀಸೆಲ್ ಬಿಲ್ಲು, ಹಾಲಿನ ಚೀಟಿ, ಹಂಚಿಕೆಯ ಟೋಕನ್ನು, ಹೆಬ್ಬೆಟ್ಟು ಒತ್ತಿಸಿದ ಪಟ್ಟಿ, ಮೊಬೈಲಿನ ಫೋಟೋಗಳ ತಾರೀಖು, ವಾಟ್ಸಾಪ್‌ನಲ್ಲಿ ಮಗಳಿಗೆ ಕಳುಹಿಸಿದ ಧ್ವನಿ. ಆ ಧ್ವನಿಯನ್ನು ಮತ್ತೆ ಕೇಳಿ. ನೀವು ಅಂದು ಎಷ್ಟು ಸಿಡುಕುತ್ತಿದ್ದಿರಿ ಎಂದು ತಿಳಿಯುತ್ತದೆ.

ಮಾನವೀಯ ತತ್ವಗಳ ಬಗ್ಗೆ ಒಂದು ಅಧ್ಯಾಯ ಹಾಕಬೇಕು ಎಂದುಕೊಂಡಿದ್ದೇನೆ. ಹಾಕಲೇ?

ಹಾಕಿದರೆ ಓದುಗರು ಅದನ್ನು ಬಿಟ್ಟು ಮುಂದೆ ಹೋಗುತ್ತಾರೆ. ರೆಡ್ ಕ್ರಾಸ್ ಚಳವಳಿ 1965ರಲ್ಲಿ ವಿಯೆನ್ನಾದಲ್ಲಿ ಏಳು ಮೂಲತತ್ವಗಳನ್ನು ಸಾರಿತು: ಮಾನವೀಯತೆ, ನಿಷ್ಪಕ್ಷಪಾತ, ತಾಟಸ್ಥ್ಯ, ಸ್ವಾತಂತ್ರ್ಯ, ಸ್ವಯಂಸೇವೆ, ಏಕತೆ, ಸಾರ್ವತ್ರಿಕತೆ. ಗೋಡೆಯ ಮೇಲೆ ಚೆನ್ನಾಗಿ ಕಾಣುವ ಪದಗಳು. ಇವುಗಳಲ್ಲಿ ನಿಷ್ಪಕ್ಷಪಾತ ಎಂದರೆ ಎಲ್ಲರಿಗೂ ಸಮನಾಗಿ ಹಂಚುವುದು ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಅದರ ಅರ್ಥ ಬೇರೆ: ಹೆಚ್ಚು ಕಷ್ಟದಲ್ಲಿರುವವನಿಗೆ ಮೊದಲು, ಅವನು ಯಾರೇ ಆಗಿರಲಿ.

ಈ ಒಂದು ಮಾತನ್ನು ನಮ್ಮ ಬಳಗದ ನಿವೃತ್ತ ಮೇಷ್ಟ್ರೊಬ್ಬರು ಅರ್ಧ ಪುಟದಲ್ಲಿ ಹೇಗೆ ಬರೆದರು ಎಂದು ಹೇಳುತ್ತೇನೆ. ಹೊಳೆ ಉಕ್ಕಿದ ವರ್ಷ, ತುಂಗಭದ್ರೆಯ ದಂಡೆಯ ಒಂದು ಹಳ್ಳಿ. ಪಡಿತರದ ಕಿಟ್ ಹಂಚಲು ಪಟ್ಟಿ ತಯಾರಾದದ್ದು ಗುಡಿಯ ಕಟ್ಟೆಯ ಮೇಲೆ. ಪಟ್ಟಿ ಬರೆದವರು ಮೇಷ್ಟ್ರೇ. ಕರೆದವರ ಹೆಸರನ್ನೆಲ್ಲ ಬರೆದರು, ಯಾರನ್ನೂ ಬೇಡ ಎನ್ನಲಿಲ್ಲ. ಸಂಜೆ ಕಿಟ್ ಖಾಲಿಯಾದ ಮೇಲೆ ಹೊಳೆಗೆ ತೀರ ತಗ್ಗಿನಲ್ಲಿದ್ದ, ಮೊದಲು ಮುಳುಗಿದ ಕೇರಿಯ ಒಂದು ಹೆಸರೂ ಪಟ್ಟಿಯಲ್ಲಿ ಇಲ್ಲದಿರುವುದು ಕಂಡಿತು. ಆ ಕೇರಿಯವರು ಕಟ್ಟೆಯ ಹತ್ತಿರ ಬರಲೇ ಇಲ್ಲ. ಏಕೆ ಬರಲಿಲ್ಲ ಎಂದು ಮೇಷ್ಟ್ರಿಗೆ ಗೊತ್ತಿತ್ತು, ಕಟ್ಟೆಯ ಮೇಲೆ ಕೂರುವ ಮುಂಚೆಯೂ ಗೊತ್ತಿತ್ತು. ಮೊದಲ ಕರಡಿನಲ್ಲಿ ಈ ಭಾಗ ಇರಲಿಲ್ಲ. ‘ಭೇದಭಾವವಿಲ್ಲದೆ ಎಲ್ಲರಿಗೂ ಹಂಚಿದೆವು’ ಎಂಬ ಸಾಲಿತ್ತು. ಯಾರು ಕೇಳಿದ್ದಕ್ಕೂ ಅಲ್ಲ, ಅವರೇ ಮುಂದಿನ ತಿಂಗಳು ಆ ಸಾಲನ್ನು ಹೊಡೆದು ಇದನ್ನು ಬರೆದು ತಂದರು. ಓದುವಾಗ ಅವರ ಸ್ವರ ಎಲ್ಲೂ ನಡುಗಲಿಲ್ಲ. ಕೇಳುತ್ತಿದ್ದ ನಮಗೆ ಚಹಾ ಕುಡಿಯಲು ಆಗಲಿಲ್ಲ.

ನಮ್ಮ ಕಡೆ ಯುದ್ಧವಿಲ್ಲ, ಭೂಕಂಪವಿಲ್ಲ. ಬರಗಾಲದ ಕೆಲಸವನ್ನು ಯಾರು ಓದುತ್ತಾರೆ?

ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರಿನ ಜನ ಈ ಪ್ರಶ್ನೆ ಕೇಳಿದಾಗ ನನಗೆ ಸಿಟ್ಟೇ ಬರುತ್ತದೆ. ಭೂಕಂಪಕ್ಕೆ ತಾರೀಖು ಇದೆ, ಗಂಟೆ ನಿಮಿಷ ಇದೆ. ಬರಕ್ಕೆ ಆರಂಭವೇ ಇಲ್ಲ. ಒಂದು ದಿನ ಬಾವಿಯ ಹಗ್ಗಕ್ಕೆ ಇನ್ನೊಂದು ಮೊಳ ಗಂಟು ಹಾಕುತ್ತೀರಿ, ಅಷ್ಟೇ. ಹಾಗಾಗಿ ಬರೆಯುವುದು ಕಷ್ಟ, ಹಾಗಾಗಿಯೇ ಬರೆಯಬೇಕು.

ಸ್ವಲ್ಪ ಹಿಂದಕ್ಕೆ ಹೋಗಿ. 1876ರಿಂದ 78ರವರೆಗಿನ ದೊಡ್ಡ ಬರ, ನಮ್ಮ ಹಿರಿಯರ ಬಾಯಲ್ಲಿ ಧಾತು ಈಶ್ವರ ಸಂವತ್ಸರಗಳ ಬರ. 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿದ್ದರು. ಮದರಾಸು ಪ್ರಾಂತದಲ್ಲಿ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಪರಿಹಾರ ಕಾಮಗಾರಿಯ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಒಂದು ಆಣೆ ಸಾಕೆಂದ. ಅಲ್ಲಿನ ಆರೋಗ್ಯಾಧಿಕಾರಿ ವಿಲಿಯಂ ಕಾರ್ನಿಷ್ ಇದರಲ್ಲಿ ದುಡಿಯುವ ದೇಹ ಉಳಿಯದೆಂದು ವಾದಕ್ಕಿಳಿದ. ಇಬ್ಬರ ಜಗಳವೂ ಕಡತಗಳಲ್ಲಿ ಭದ್ರವಾಗಿದೆ. ಆ ಒಂದು ಪೌಂಡಿಗೆ ಕಲ್ಲು ಹೊತ್ತವರು ಬರೆದದ್ದು ಒಂದು ಸಾಲೂ ನನಗೆ ಸಿಕ್ಕಿಲ್ಲ. ಅವರ ಪಾಲಿಗೆ ಉಳಿದದ್ದು ಸಂವತ್ಸರದ ಹೆಸರು ಮಾತ್ರ.

ಹೋಲಿಸಿ ನೋಡಲು ನಮ್ಮಲ್ಲೇ ಇನ್ನೊಂದು ನೆನಪಿದೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಕೆರೆ ಕಟ್ಟಿಸುವಾಗ ಕೂಲಿಯವರಿಗೆ ಸಂಜೆ ಮರಳು ಗುಡ್ಡೆ ಮಾಡಲು ಹೇಳುತ್ತಿದ್ದರಂತೆ; ಯಾರು ಎಷ್ಟು ದುಡಿದಿದ್ದರೋ ಅಷ್ಟು ಕೂಲಿ ಅವರವರ ಗುಡ್ಡೆಯಲ್ಲಿ ಸಿಗುತ್ತಿತ್ತಂತೆ. ಮಾಡಿದಷ್ಟು ನೀಡು ಭಿಕ್ಷೆ ಎಂದು ಇಂದಿಗೂ ಟ್ರ್ಯಾಕ್ಟರುಗಳ ಮೇಲೆ ಬರೆಸಿಕೊಂಡು ತಿರುಗುತ್ತೇವೆ. ಐತಿಹ್ಯ, ಸರಿ. ಆದರೆ ಗಮನಿಸಿ: ಅಲ್ಲಿ ಕೊಡುವ ಕೈ ಕಾಣಿಸುವುದೇ ಇಲ್ಲ. ಪಡೆಯುವವನು ಮರಳಿಗೆ ತಾನೇ ಕೈ ಹಾಕಿ ತನ್ನ ದುಡಿಮೆಯನ್ನು ತಾನೇ ಎತ್ತಿಕೊಳ್ಳುತ್ತಾನೆ. ಬರದಲ್ಲಿ ಕೂಲಿ ಹೇಗೆ ಕೊಡಬೇಕು ಎಂಬುದರ ಬಗ್ಗೆ ನಮ್ಮ ಜನರ ಆಸೆ ಅದರಲ್ಲಿದೆ.

ನೀವು ಗೋಶಾಲೆಯಲ್ಲಿ ಮೇವು ತೂಗಿದವರಾದರೆ, ದೇವರ ಎತ್ತುಗಳಿಗೆ ಮೇವು ಹೊಂದಿಸಲು ಅವನ್ನು ಕಾಯುವ ಕಿಲಾರಿಗಳೊಡನೆ ಅಲೆದವರಾದರೆ, ಫ್ಲೋರೈಡ್ ನೀರಿನ ಹಳ್ಳಿಗೆ ಟ್ಯಾಂಕರ್ ತಂದವರಾದರೆ ಅದನ್ನೇ ಬರೆಯಿರಿ. ಟ್ಯಾಂಕರ್ ಬಂದಾಗ ಕೊಡದ ಸಾಲಿನಲ್ಲಿ ಯಾರ ಕೊಡ ಎಲ್ಲಿತ್ತು ಎಂಬುದನ್ನು ಮಾತ್ರ ಬಿಡಬೇಡಿ.

ಅಂಕಿಸಂಖ್ಯೆ ಹಾಕಿದರೆ ಬರಹ ಒಣಗುವುದಿಲ್ಲವೇ?

ಯಾರ ಕೈಯ ಅಂಕಿ ಎಂಬುದರ ಮೇಲೆ ಹೋಗುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ನಡುವೆ ಕಾಲರಾ ಹಬ್ಬಿದಾಗ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಡಾ. ದಿಲೀಪ್ ಮಹಾಲನಬೀಸ್ ಅವರ ಬಳಿ ರಕ್ತನಾಳಕ್ಕೆ ಹನಿಸುವ ದ್ರಾವಣ ಮುಗಿಯುತ್ತ ಬಂತು. ಲೀಟರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡ ಬೆರೆಸಿ ಡ್ರಮ್ಮುಗಳಲ್ಲಿ ಇಟ್ಟರು. ಸಾವಿನ ಪ್ರಮಾಣ ಸುಮಾರು ಶೇ 30ರಿಂದ ಶೇ 3.6ಕ್ಕೆ ಇಳಿಯಿತು. ಈ ಅಂಕಿಗಳು ನನಗೆ ಪದ್ಯದಂತೆ ಬಾಯಿಪಾಠ. ಅದಕ್ಕೆ ಕಾರಣ, ಅದರ ಹಿಂದಿರುವ ಇನ್ನೊಂದು ಸಂಗತಿ: ಲೋಟ ಲೋಟವಾಗಿ ಕುಡಿಸಿದವರು ವೈದ್ಯರಲ್ಲ, ರೋಗಿಗಳ ಮನೆಯವರು. ನಿರಾಶ್ರಿತರೇ ನಿರಾಶ್ರಿತರನ್ನು ಉಳಿಸಿದರು. 3.6 ಎಂಬ ಅಂಕಿಯೊಳಗೆ ಅವರೆಲ್ಲ ಇದ್ದಾರೆ.

ನೆರವು ಪಡೆದವರ ಹೆಸರು, ಫೋಟೋ ಹಾಕಬಹುದೇ?

ಕೇಳಿ ಹಾಕಿ. ಅಂದು ಕೇಳಿದ್ದರೂ ಇಂದು ಮತ್ತೆ ಕೇಳಿ. ಕಿಟ್ ಕೈಯಲ್ಲಿ ಹಿಡಿದು ನಿಂತವನು ಹೇಳಿದ ‘ಆಯ್ತು ಸಾರ್’ ಒಪ್ಪಿಗೆಯಲ್ಲ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತು ಹೊರಹಾಕುವುದು ಭಾರತೀಯ ನ್ಯಾಯ ಸಂಹಿತೆಯ 72ನೆಯ ಕಲಮಿನ ಪ್ರಕಾರ ಅಪರಾಧ. ಆರೈಕೆ, ರಕ್ಷಣೆಗೆ ಒಳಪಟ್ಟ ಮಕ್ಕಳ ಗುರುತನ್ನು 2015ರ ಬಾಲನ್ಯಾಯ ಕಾಯ್ದೆಯ 74ನೆಯ ಕಲಮು ಕಾಪಾಡುತ್ತದೆ. ಕಾನೂನು ಇಷ್ಟು.

ಕಾನೂನಿನ ಆಚೆಯದು ಕಷ್ಟ. ಐವತ್ತು ಮನೆಯ ಹಟ್ಟಿಯಲ್ಲಿ ಹೆಸರು ಬದಲಿಸಿದರೆ ಏನು ಪ್ರಯೋಜನ? ಕುಂಟು ಎಮ್ಮೆ ಇದ್ದ ವಿಧವೆ ಎಂದರೆ ಊರಿಗೆಲ್ಲ ಗೊತ್ತು. ಎಮ್ಮೆಯನ್ನೂ ಬದಲಿಸಬೇಕಾಗುತ್ತದೆ. ಬದಲಿಸಿದ್ದೇನೆ ಎಂದು ಓದುಗರಿಗೆ ಹೇಳಿಬಿಡಿ, ಸಾಕು. ಇನ್ನು ಫೋಟೋ. ರೆಡ್ ಕ್ರಾಸ್ ಚಳವಳಿಯೂ ಸ್ವಯಂಸೇವಾ ಸಂಸ್ಥೆಗಳೂ 1994ರಲ್ಲಿ ಒಪ್ಪಿದ ಹತ್ತು ನಿಯಮಗಳಲ್ಲಿ ಕೊನೆಯದು, ಪ್ರಚಾರದಲ್ಲಿ ಸಂತ್ರಸ್ತರನ್ನು ಘನತೆಯುಳ್ಳ ಮನುಷ್ಯರಾಗಿ ತೋರಿಸಬೇಕು, ಕೈಲಾಗದ ವಸ್ತುಗಳಂತೆ ಅಲ್ಲ ಎನ್ನುತ್ತದೆ. ಅಕ್ಕಿ ಚೀಲದ ಒಂದು ತುದಿಯನ್ನು ಎಂಟು ಕೈಗಳು ಹಿಡಿದು, ಇನ್ನೊಂದು ತುದಿಯಲ್ಲಿ ಒಬ್ಬ ಮುದುಕಿ ನೆಲ ನೋಡುತ್ತಿರುವ ಫೋಟೋ ಪ್ರತಿಯೊಬ್ಬರ ಬಳಿಯೂ ಇದೆ. ನನ್ನ ಬಳಿಯೂ ಇದೆ. ಹಾಕಬೇಡಿ.

ನಾವು ಮಾಡಿದ ತಪ್ಪು, ಸಂಸ್ಥೆಯ ತಪ್ಪು ಬರೆದರೆ ಮುಂದೆ ಜನ ದೇಣಿಗೆ ಕೊಡುವುದಿಲ್ಲ ಎನ್ನುತ್ತಾರೆ.

ಈ ವಾದ ಹಳೆಯದು, ಪೂರ್ತಿ ಸುಳ್ಳೂ ಅಲ್ಲ. 1942ರ ಅಕ್ಟೋಬರ್ 14ರಂದು ಅಂತಾರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿಯ ಮುಂದೆ ಒಂದು ಬಹಿರಂಗ ಮನವಿಯ ಕರಡು ಇತ್ತು. ನಾಜಿಗಳು ಯಹೂದಿಗಳನ್ನು ಹಿಡಿದು ಸಾವಿನ ಶಿಬಿರಗಳಿಗೆ ಸಾಗಿಸುತ್ತಿದ್ದ ಸುದ್ದಿ ಅಷ್ಟರಲ್ಲಿ ಬಂದಿತ್ತು. ಮಾತಾಡಿದರೆ ಯುದ್ಧಕೈದಿಗಳ ಶಿಬಿರಗಳ ಬಾಗಿಲು ಮುಚ್ಚುತ್ತದೆಂಬ ಅಳುಕೂ ಇತ್ತು. ಸಮಿತಿ ಮನವಿಯನ್ನು ಕೈಬಿಟ್ಟಿತು. ಆ ಮೌನವನ್ನು ತನ್ನ ಇತಿಹಾಸದ ದೊಡ್ಡ ಸೋಲು ಎಂದು ಆ ಸಂಸ್ಥೆಯೇ ಮುಂದೆ ಒಪ್ಪಿಕೊಂಡಿತು. ನೈಜೀರಿಯಾದ ಬಯಾಫ್ರಾ ಯುದ್ಧದಲ್ಲಿ ದುಡಿದ ಕೆಲವು ಫ್ರೆಂಚ್ ವೈದ್ಯರು ಪತ್ರಕರ್ತರೊಡನೆ ಸೇರಿ 1971ರಲ್ಲಿ ಗಡಿಗಳಿಲ್ಲದ ವೈದ್ಯರ ಸಂಸ್ಥೆ ಕಟ್ಟಿದ್ದು, ಚಿಕಿತ್ಸೆಯ ಜೊತೆಗೆ ಕಂಡದ್ದನ್ನು ಹೇಳುವುದೂ ಕೆಲಸವೇ ಎಂಬ ನಿಲುವಿನಿಂದ.

ನಮ್ಮ ತಪ್ಪುಗಳು ಅಷ್ಟು ದೊಡ್ಡವಲ್ಲ. ಕಛ್‌ಗೆ ನಾವು ಒಯ್ದ ಔಷಧಿಯಲ್ಲಿ ಎರಡು ಪೆಟ್ಟಿಗೆ ಅವಧಿ ಮೀರಿದ್ದವು, ಅವು ಲಾರಿ ಹತ್ತಿದ್ದು ನನ್ನ ಕೈಯಿಂದಲೇ. ನಮ್ಮ ಕಡೆಯಿಂದ ಹೋದ ಹಳೆ ಬಟ್ಟೆಯ ಗಂಟುಗಳು ರಸ್ತೆಯ ಪಕ್ಕದಲ್ಲಿ ರಾಶಿ ಬಿದ್ದಿದ್ದವು. ಹರಿದ ರವಿಕೆಯನ್ನು ಬೆರಳ ತುದಿಯಲ್ಲಿ ಎತ್ತಿ ಮತ್ತೆ ಮೆಲ್ಲಗೆ ಕೆಳಗಿಟ್ಟ ಆ ಊರಿನ ಹೆಂಗಸು ನನಗೆ ಏನೂ ಅನ್ನಲಿಲ್ಲ. ಬರೆದೆ. ದೇಣಿಗೆ ನಿಂತಿಲ್ಲ, ಹಳೆ ಬಟ್ಟೆ ಬರುವುದು ಮಾತ್ರ ಸ್ವಲ್ಪ ಕಡಿಮೆಯಾಗಿದೆ, ದೇವರ ದಯೆ.

ಕೋವಿಡ್ ಬಗ್ಗೆ ಈಗಲೇ ಬರೆಯಬಹುದೇ?

ಟಿಪ್ಪಣಿ ಈಗಲೇ ಮಾಡಿಟ್ಟುಕೊಳ್ಳಿ. ಪುಸ್ತಕಕ್ಕೆ ಅವಸರವಿಲ್ಲ.

ಬರೆಯುವಾಗ ಕೈ ನಡುಗುತ್ತದೆ, ರಾತ್ರಿ ನಿದ್ದೆ ಬರುವುದಿಲ್ಲ.

ನಿಲ್ಲಿಸಿ. ಪುಸ್ತಕ ಓಡಿಹೋಗುವುದಿಲ್ಲ. ಹಗಲು ಹೊತ್ತಿನಲ್ಲಿ, ಮನೆಯಲ್ಲಿ ಯಾರಾದರೂ ಇರುವಾಗ ಮಾತ್ರ ಬರೆಯಿರಿ. ಎರಡು ವಾರವಾದರೂ ನಿದ್ದೆ ಸರಿಹೋಗದಿದ್ದರೆ ವೈದ್ಯರನ್ನು ಕಾಣಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಇದನ್ನು ತಮಾಷೆಗೆ ತೆಗೆದುಕೊಂಡ ಒಬ್ಬ ಗೆಳೆಯ ಮೂರು ತಿಂಗಳು ಮಂಕಾಗಿ ಕುಳಿತಿದ್ದ.

ಮುನ್ನುಡಿ ಯಾರಿಂದ ಬರೆಸಲಿ?

ಮಂತ್ರಿಗಳಿಂದ ಬೇಡ, ಸ್ವಾಮೀಜಿಗಳಿಂದ ಬೇಡ, ನನ್ನಿಂದಂತೂ ಬೇಡವೇ ಬೇಡ. ಮುನ್ನುಡಿ ಇಲ್ಲದ ಪುಸ್ತಕವನ್ನು ಯಾರೂ ವಾಪಸು ಕೊಟ್ಟದ್ದು ನಾನು ಕಂಡಿಲ್ಲ.

ಬರೆದು ಮುಗಿಸಿದ ಮೇಲೆ ಮೊದಲು ಯಾರಿಗೆ ಓದಿಸಬೇಕು?

ಹೆಂಡತಿಗೆ, ಗಂಡನಿಗೆ ಎಂದು ಎಲ್ಲರೂ ಹೇಳುತ್ತಾರೆ. ಅವರು ನಿಮ್ಮ ಕಥೆಯನ್ನು ನೂರು ಸಲ ಕೇಳಿ, ನಿಮ್ಮಷ್ಟೇ ನಂಬಿದ್ದಾರೆ. ಜೊತೆಯಲ್ಲಿದ್ದವರಿಗೆ ಓದಿಸಿ, ಅದರಲ್ಲೂ ನಿಮಗಿಂತ ಕಡಿಮೆ ಸಂಬಳದವರಿಗೆ.

ಕಛ್‌ನ ಅಧ್ಯಾಯವನ್ನು ಹಿಡಿದುಕೊಂಡು ನಾನು ಹರಿಹರಕ್ಕೆ ಹೋದೆ. ಅಂದಿನ ಕ್ಲೀನರ್ ಹುಡುಗನಿಗೆ ಈಗ ಸ್ವಂತ ಲಾರಿ ಇದೆ, ತಲೆ ಅರ್ಧ ನೆರೆತಿದೆ. ಹೆಸರನ್ನು ಇಲ್ಲಿ ಹಾಕಬೇಡಿ, ಪುಸ್ತಕದಲ್ಲಿ ಬೇಕಾದರೆ ಇರಲಿ ಎಂದಿದ್ದಾನೆ. ಲಾರಿಯ ನೆರಳಲ್ಲಿ ಕುರ್ಚಿ ಹಾಕಿಸಿ ಕುಳ್ಳಿರಿಸಿದ. ಬ್ಯಾಟರಿಯ ಭಾಗ ಓದುವಾಗ ನನಗೆ ಗಂಟಲು ಕಟ್ಟಿತು. ಹದಿನೈದು ವರ್ಷ ಅವನ ಬ್ಯಾಟರಿಯನ್ನು ನಾನು ಹಿಡಿದುಕೊಂಡಿದ್ದೆನಲ್ಲ. ಅವನು ಟೈರಿನ ಕಡೆ ನೋಡುತ್ತಾ ಕೇಳಿದ. ಮುಗಿದ ಮೇಲೆ ಅದರ ಬಗ್ಗೆ ಒಂದು ಮಾತೂ ಆಡದೆ ಕೇಳಿದ:

“ಮಂಡಕ್ಕಿ ನಲವತ್ತು ಮೂಟೆ ಎಂದು ಬರೆದಿದ್ದೀರಲ್ಲ ಸಾರ್, ಯಾರು ಹೇಳಿದರು?”

ನನಗೆ ನೆನಪಿದೆ ಎಂದೆ.

“ಅರವತ್ತೆರಡು. ಇಲ್ಲಿ ಏರಿಸಿದವನೂ ನಾನೇ, ಅಲ್ಲಿ ಇಳಿಸಿದವನೂ ನಾನೇ.”

ದಾಸ್ತಾನು ಪುಸ್ತಕದಲ್ಲಿ ಔಷಧಿಯ ಲೆಕ್ಕ ಮಾತ್ರ ಇತ್ತು. ಮನೆಗೆ ಬಂದು 40 ಅನ್ನು ಹೊಡೆದು 62 ಎಂದು ಬರೆದೆ.